ಲೆನಾಕ್ಸ್ ಎಲ್ಲಿ ಕೂತಿದ್ದ?

(ಉಡುಪಿಯಲ್ಲಿ ಓದುಗರ ಒಂದು ಸಂಜೆಯ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಪರಿಚಯ ಮಾಡಿಕೊಡುವಾಗ ಹಿರಿಯರು ನನ್ನನ್ನು ಉಪನ್ಯಾಸಕಿ ಎಂದರು. ಅದು ಅವರ ದೊಡ್ಡ ಮನಸ್ಸು. ನಾನು ಇಂಗ್ಲಿಷ್ ಐಚ್ಛಿಕ ತೆಗೆದುಕೊಂಡ ಬಿ.ಎ. ವಿದ್ಯಾರ್ಥಿನಿ, ಮೇಜಿನ ಆ ಕಡೆ ಕೂರುವವಳು. ಹಾಗಾಗಿ ನಾಟಕದ ಇತಿಹಾಸ, ಲಕ್ಷಣ, ಸಿದ್ಧಾಂತ ಯಾವುದೂ ಇವತ್ತು ನನ್ನಿಂದ ಸಿಗಲಿಕ್ಕಿಲ್ಲ. ತರಗತಿಯಲ್ಲಿ ಕೆಲವು ನಾಟಕ ಓದಿದೆವು. ಓದುವಾಗ ಒಂದು ವಿಷಯ ತಲೆಯೊಳಗೆ ಕೂತುಬಿಟ್ಟಿತು. ಅದನ್ನು ನಿಮ್ಮ ಮುಂದೆ ಇಡುತ್ತೇನೆ, ಅಷ್ಟೇ.

ನಾಟಕವನ್ನು ಪುಸ್ತಕದಲ್ಲಿ ಓದುವಾಗ ನಮಗೆ ಕಾಣುವುದು ಮಾತಾಡುವವರು ಮಾತ್ರ. ಎಡಗಡೆ ಒಂದು ಹೆಸರು, ಪಕ್ಕದಲ್ಲಿ ಮಾತು. ಕೆಳಗೆ ಇನ್ನೊಂದು ಹೆಸರು, ಇನ್ನೊಂದು ಮಾತು. ಆದರೆ ಆ ಹೊತ್ತಿಗೆ ರಂಗದ ಮೇಲೆ ಮತ್ತೂ ನಾಲ್ಕು ಜನ ಇರುತ್ತಾರೆ. ಬಾಯಿ ಬಿಡುತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಅವರು ಪುಟದಿಂದ ಮಾಯವಾಗಿದ್ದಾರೆ. ಅವರನ್ನು ವಾಪಸ್ ಕರೆದು ಕೂರಿಸಿಕೊಂಡು ಓದಿದರೆ ನಾಟಕವೇ ಬೇರೆ ಆಗುತ್ತದೆ ಅಂತ ನನ್ನ ಅನುಭವ.

ಪರೀಕ್ಷೆಗೆ ಓದುವಾಗ ಇದಕ್ಕೆ ಪುರುಸೊತ್ತಿಲ್ಲ. ಷೇಕ್ಸ್‌ಪಿಯರ್‌ರ ಮ್ಯಾಕ್‌ಬೆತ್ ಅಂದರೆ ಮಹತ್ವಾಕಾಂಕ್ಷೆ. ಎ ಡಾಲ್ಸ್ ಹೌಸ್ ಅಂದರೆ ಸ್ತ್ರೀ ಸ್ವಾತಂತ್ರ್ಯ. ರೈಡರ್ಸ್ ಟು ದ ಸೀ ಅಂದರೆ ವಿಧಿ. ಪ್ರತಿ ನಾಟಕಕ್ಕೂ ಮೊದಲೇ ಒಂದು ಚೀಟಿ ಅಂಟಿಸಿ ಆಗಿರುತ್ತದೆ. ಜೆರಾಕ್ಸ್ ಅಂಗಡಿಗೆ ಹೋದರೆ ನೋಟ್ಸ್ ಸಿಗುತ್ತದೆ. ಪಾತ್ರ ಚಿತ್ರಣ ಬರೆಯಿರಿ ಅಂದರೆ ನಾಯಕನದ್ದು, ಇಲ್ಲ ನಾಯಕಿಯದ್ದು. ಲೆನಾಕ್ಸ್‌ನ ಪಾತ್ರ ಚಿತ್ರಣ ಕೇಳಿದ ಪ್ರಶ್ನೆಪತ್ರಿಕೆಯನ್ನು ನಾನಂತೂ ನೋಡಿಲ್ಲ. ಲೆನಾಕ್ಸ್ ಯಾರು ಅಂತ ನಿಮಗೂ ಥಟ್ಟನೆ ನೆನಪಾಗಲಿಕ್ಕಿಲ್ಲ, ಅಲ್ವಾ?

ನಮ್ಮ ಮೇಡಂ ಒಂದು ಕ್ರಮ ಇಟ್ಟುಕೊಂಡಿದ್ದಾರೆ. ನಾಟಕವನ್ನು ಅವರು ಓದಿ ಹೇಳುವುದಿಲ್ಲ. ನಾವೇ ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಬೇಕು. ಹಂಚುವುದು ಹಾಜರಿ ನಂಬರಿನ ಪ್ರಕಾರ. ಹುಡುಗಿಗೆ ಡಂಕನ್ ರಾಜ ಬರಬಹುದು, ಹುಡುಗನಿಗೆ ಮಾಟಗಾತಿ ಬರಬಹುದು. ದೊಡ್ಡ ಪಾತ್ರ ಸಿಕ್ಕವರು ಹಿಂದಿನ ರಾತ್ರಿಯೇ ಡಿಕ್ಷನರಿ ಹಿಡಿದು ಕೂರುತ್ತಿದ್ದರು. ನನ್ನ ಪಾಲಿಗೆ ಬಂದವನು ಲೆನಾಕ್ಸ್. ಸ್ಕಾಟ್ಲೆಂಡಿನ ಒಬ್ಬ ಸರದಾರ. ಮಾತು ಕಮ್ಮಿ. ಸುಮ್ನೆ ಕೂತಿರಬೇಕು, ಎಲ್ಲೋ ನಡುವೆ ಒಂದು ಸಾಲು ಬಂದಾಗ ಓದಬೇಕು. ಸಾಲು ತಪ್ಪಿಹೋದರೆ ಇಡೀ ಕ್ಲಾಸು ನಗುತ್ತದೆ ಎಂಬ ಹೆದರಿಕೆಗೆ ಉಳಿದವರ ಮಾತನ್ನೆಲ್ಲ ಕಿವಿಗೊಟ್ಟು ಕೇಳಬೇಕಾಯಿತು. ಕೇಳುತ್ತಾ ಹೋದ ಹಾಗೆ ಈ ಲೆನಾಕ್ಸ್ ಸಣ್ಣ ಆಸಾಮಿ ಅಲ್ಲ ಅನ್ನಿಸತೊಡಗಿತು.

ಅವನ ಕತೆ ಇಷ್ಟು. ರಾಜ ಡಂಕನ್ ಮ್ಯಾಕ್‌ಬೆತ್‌ನ ಮನೆಯಲ್ಲಿ ತಂಗಿದ್ದಾನೆ. ರಾತ್ರಿ ಮ್ಯಾಕ್‌ಬೆತ್ ಅವನನ್ನು ಕೊಂದಿದ್ದಾನೆ. ಬೆಳಿಗ್ಗೆ ರಾಜನನ್ನು ಎಬ್ಬಿಸಲು ಬರುವವರು ಮ್ಯಾಕ್‌ಡಫ್ ಮತ್ತು ಲೆನಾಕ್ಸ್. ಮ್ಯಾಕ್‌ಡಫ್ ಒಳಗೆ ಹೋಗುತ್ತಾನೆ. ಹೊರಗೆ ಉಳಿದ ಲೆನಾಕ್ಸ್ ಕೊಲೆಗಾರನ ಹತ್ತಿರವೇ ಹವಾಮಾನ ಮಾತಾಡುತ್ತಾನೆ. ರಾತ್ರಿ ಎಂಥ ಗಾಳಿ, ನಾವು ಮಲಗಿದ್ದ ಕಡೆ ಹೊಗೆಗೂಡು ಬಿದ್ದುಹೋಯಿತು, ಗಾಳಿಯಲ್ಲಿ ಅಳು ಕೇಳಿಸಿತಂತೆ, ಭೂಮಿ ನಡುಗಿತಂತೆ, ನನ್ನ ಸಣ್ಣ ಪ್ರಾಯದಲ್ಲಿ ಇಂಥದ್ದು ಕಂಡಿಲ್ಲ. ಇಷ್ಟಕ್ಕೆಲ್ಲ ಮ್ಯಾಕ್‌ಬೆತ್ ಕೊಡುವ ಉತ್ತರ ಅರ್ಧ ಸಾಲು: ಹೌದು, ಒರಟು ರಾತ್ರಿ. ಆ ಅರ್ಧ ಸಾಲಿನ ಮುಂದೆ ಸಣ್ಣ ಪ್ರಾಯದ ಹುಡುಗ ನಿಂತಿದ್ದಾನೆ. ಅವನಿಗೆ ಆಗಲೇ ಏನಾದರೂ ಅನ್ನಿಸಿತಾ?

ಮುಂದೆ ಮ್ಯಾಕ್‌ಡಫ್ ಕಿರುಚುತ್ತಾ ಹೊರಗೆ ಬರುತ್ತಾನೆ. ಈಗ ಕೋಣೆಯೊಳಗೆ ಹೋಗುವವರು ಮ್ಯಾಕ್‌ಬೆತ್ ಮತ್ತು ಲೆನಾಕ್ಸ್. ವಾಪಸ್ ಬಂದಾಗ ಕಾವಲಿನವರನ್ನು ಮ್ಯಾಕ್‌ಬೆತ್ ಕೊಂದಾಗಿದೆ. ಸಿಟ್ಟು ತಡೆಯಲಾಗಲಿಲ್ಲ ಅನ್ನುತ್ತಾನೆ. ಯಾರು ಮಾಡಿದ್ದು ಅಂತ ರಾಜನ ಮಗ ಕೇಳಿದಾಗ ಉತ್ತರ ಕೊಡುವವನು ಲೆನಾಕ್ಸ್: ಕಾವಲಿನವರೇ ಮಾಡಿದ ಹಾಗೆ ಕಂಡಿತು, ಕೈಗೂ ಮುಖಕ್ಕೂ ರಕ್ತ ಮೆತ್ತಿತ್ತು, ಒರೆಸದ ಕಠಾರಿ ದಿಂಬಿನ ಮೇಲೇ ಇತ್ತು. ಗಮನಿಸಿ, 'ಮಾಡಿದರು' ಅನ್ನುವುದಿಲ್ಲ. 'ಮಾಡಿದ ಹಾಗೆ ಕಂಡಿತು' ಅನ್ನುತ್ತಾನೆ.

ಆಮೇಲೆ ಔತಣದ ದೃಶ್ಯ ಬರುತ್ತದೆ. ಮ್ಯಾಕ್‌ಬೆತ್ ಈಗ ರಾಜ. ಗೆಳೆಯ ಬ್ಯಾಂಕೋವನ್ನು ಕೊಲ್ಲಿಸಿ ಊಟಕ್ಕೆ ಬಂದಿದ್ದಾನೆ. ಷೇಕ್ಸ್‌ಪಿಯರ್ ನಾಟಕಗಳನ್ನು ಒಟ್ಟು ಸೇರಿಸಿ ಅಚ್ಚು ಹಾಕಿದ 1623ರ ಫೋಲಿಯೋ ಪುಸ್ತಕದಲ್ಲೇ ಸೂಚನೆ ಇದೆ: ಬ್ಯಾಂಕೋವಿನ ಪ್ರೇತ ಬಂದು ಮ್ಯಾಕ್‌ಬೆತ್‌ನ ಜಾಗದಲ್ಲಿ ಕೂರುತ್ತದೆ. ಅದು ಕಾಣುವುದು ಮ್ಯಾಕ್‌ಬೆತ್‌ಗೆ ಮಾತ್ರ. ನಾವೆಲ್ಲ ಓದುವಾಗ ಮ್ಯಾಕ್‌ಬೆತ್‌ನ ಗಾಬರಿ ನೋಡುತ್ತೇವೆ, ಗಂಡನನ್ನು ಸಂಭಾಳಿಸುವ ಹೆಂಡತಿಯನ್ನು ನೋಡುತ್ತೇವೆ. ಆದರೆ ರಾಜನಿಗೆ ಖಾಲಿ ಕುರ್ಚಿ ತೋರಿಸುವವನು ಯಾರು? ಲೆನಾಕ್ಸ್. ಕೂತುಕೊಳ್ಳಿ ಅನ್ನುತ್ತಾನೆ. ಮೇಜು ತುಂಬಿದೆಯಲ್ಲ ಅಂತ ರಾಜ. ಇಲ್ಲಿ ನಿಮಗೆ ಜಾಗ ಇಟ್ಟಿದೆ ಅಂತ ಲೆನಾಕ್ಸ್. ಎಲ್ಲಿ? ಇಲ್ಲೇ, ಪ್ರಭು. ಅಂದರೆ ಅವನು ಆ ಕುರ್ಚಿಗೆ ಕೈಗೆಟುಕುವಷ್ಟು ಹತ್ತಿರ ಇದ್ದಾನೆ. ರಾಜ ಖಾಲಿ ಕುರ್ಚಿ ನೋಡಿ ಬೆವರುವುದನ್ನು ಎಲ್ಲರಿಗಿಂತ ಹತ್ತಿರದಿಂದ ಕಂಡವನು ಅವನೇ. ಊಟ ಮುರಿದುಬಿದ್ದ ಮೇಲೆ ಮರ್ಯಾದೆಯಿಂದ ಶುಭರಾತ್ರಿ ಹೇಳಿ, ಮಹಾಪ್ರಭುಗಳ ಆರೋಗ್ಯ ಸುಧಾರಿಸಲಿ ಅಂತ ಹಾರೈಸಿ ಹೋಗುತ್ತಾನೆ.

ಒಂದು ದೃಶ್ಯ ದಾಟಿದರೆ ಇದೇ ಮನುಷ್ಯ ಇನ್ನೊಬ್ಬ ಸರದಾರನ ಜೊತೆ ನಿಂತಿದ್ದಾನೆ. ಮಾತಿನ ಧಾಟಿಯೇ ಬೇರೆ. ಪಾಪ, ಮ್ಯಾಕ್‌ಬೆತ್‌ಗೆ ಡಂಕನ್ ಮೇಲೆ ಎಷ್ಟು ಕನಿಕರ, ಆದರೆ ಅವನು ಸತ್ತ ಮೇಲೆ! ಆ ಕಾವಲಿನವರನ್ನು ಕೊಂದದ್ದು ಎಷ್ಟು ಜಾಣತನ, ಬದುಕಿದ್ದಿದ್ದರೆ ನಾವಲ್ಲ ಅಂದುಬಿಡುತ್ತಿದ್ದರು! ನೇರ ಆರೋಪ ಒಂದೂ ಇಲ್ಲ. ಪೂರ್ತಿ ವ್ಯಂಗ್ಯ. ತಾನು ಆರೋಗ್ಯ ಹಾರೈಸಿ ಬಂದ ಅದೇ ಔತಣವನ್ನು ಅವನು ಈಗ ದಬ್ಬಾಳಿಕೆಗಾರನ ಔತಣ ಅನ್ನುತ್ತಾನೆ. ಹಾಗಾದರೆ ಆ ರಾತ್ರಿ ಊಟಕ್ಕೆ ಕೂತಾಗಲೇ ಅವನ ತಲೆಯಲ್ಲಿ ಎಲ್ಲ ಕೂಡಿಸಿ ಆಗಿತ್ತು. ನಾಲ್ಕನೇ ಅಂಕದಲ್ಲಿ ಮತ್ತೆ ರಾಜನ ಪಕ್ಕದಲ್ಲೇ ನಿಂತು 'ಏನು ಅಪ್ಪಣೆ' ಅನ್ನುತ್ತಾನೆ. ಐದನೇ ಅಂಕಕ್ಕೆ ಬಂದರೆ ದಂಗೆಯ ಸೈನ್ಯದ ಜೊತೆ ಬರ್ನಮ್ ಕಾಡಿನ ಕಡೆಗೆ ನಡೆಯುತ್ತಿದ್ದಾನೆ.

ನನಗೆ ಮ್ಯಾಕ್‌ಬೆತ್‌ಗಿಂತ ಇವನೇ ಹತ್ತಿರದವನು ಅನ್ನಿಸಿತು. ರಾಜನನ್ನು ಕೊಲ್ಲುವ ಧೈರ್ಯ ನಮ್ಮಲ್ಲಿ ಯಾರಿಗಿದೆ? ಆದರೆ ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಪಂಕ್ತಿಯಲ್ಲಿ ಕೂತು ಉಣ್ಣುವುದು, ಹೊರಗೆ ಬಂದ ಮೇಲೆ ನಂಬಿಕೆಯವರ ಹತ್ತಿರ ಸೂಚ್ಯವಾಗಿ ಮಾತಾಡುವುದು, ಗಾಳಿ ತಿರುಗಿದ್ದು ಖಾತ್ರಿಯಾದ ಮೇಲೆ ಪಕ್ಷ ಬದಲಿಸುವುದು ನಮಗೆಲ್ಲ ಗೊತ್ತಿರುವ ವಿದ್ಯೆ. ಅದು ಹೇಡಿತನವಾ, ಬುದ್ಧಿವಂತಿಕೆಯಾ? ಷೇಕ್ಸ್‌ಪಿಯರ್ ಹೇಳುವುದಿಲ್ಲ. ಮಹತ್ವಾಕಾಂಕ್ಷೆ ಎಂಬ ಚೀಟಿ ಅಂಟಿಸಿದ ಮೇಲೆ ಈ ಪ್ರಶ್ನೆ ಕೇಳಲು ಜಾಗವೇ ಉಳಿಯುವುದಿಲ್ಲ.

ಮಾತಾಡದೆ ಕೂತವರ ಬಗ್ಗೆ ಹೇಳುವಾಗ ನಿಮಗೆ ತಾಳಮದ್ದಳೆ ನೆನಪಾಗಿರಬಹುದು. ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ನಮ್ಮ ಕಡೆ ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು, ಚೆಂಡೆ ಮದ್ದಳೆ, ಎದುರುಬದುರು ಕೂತು ಪಾತ್ರದ ಮಾತು ಆಡುವ ಅರ್ಥಧಾರಿಗಳು. ನನ್ನ ಅಜ್ಜನಿಗೆ ಇದರ ಹುಚ್ಚು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಅರ್ಥ ಕೇಳಿದವರು. ಬಾಣ ತಾಗಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅಂತ ರಾಮನನ್ನು ತರಾಟೆಗೆ ತೆಗೆದುಕೊಳ್ಳುತ್ತಾನಲ್ಲ, ಆಗ ಅಜ್ಜ ನನ್ನ ಭುಜ ತಟ್ಟಿ, ವಾಲಿ ಮಾತಾಡುತ್ತಾನೆ, ನೀನು ರಾಮನನ್ನು ನೋಡು ಅನ್ನುತ್ತಿದ್ದರು. ರಾಮನ ಅರ್ಥ ಹೇಳುವವರು ಅಷ್ಟು ಹೊತ್ತು ಕಣ್ಣು ಮುಚ್ಚಿ ಕೂತಿರುತ್ತಾರಾ, ತಲೆ ಹಾಕುತ್ತಾರಾ, ವೀಳ್ಯದ ತಟ್ಟೆಗೆ ಕೈ ಹಾಕುತ್ತಾರಾ? ಆಮೇಲೆ ಬರುವ ಉತ್ತರ ಅಲ್ಲೇ ತಯಾರಾಗುತ್ತಿರುತ್ತದೆ.

ಇನ್ನೊಂದು ಸಂಗತಿ ನನಗೆ ಮಜಾ ಅನ್ನಿಸುತ್ತದೆ. ನಮ್ಮ ಯಕ್ಷಗಾನದ ಪ್ರಸಂಗ ಪುಸ್ತಕ ತೆರೆದರೆ ಸಾಮಾನ್ಯವಾಗಿ ಪದ್ಯಗಳು ಮಾತ್ರ ಇರುತ್ತವೆ. ಮಾತು ಇರುವುದಿಲ್ಲ. ಅದನ್ನು ಅರ್ಥಧಾರಿ ಆ ಕ್ಷಣಕ್ಕೆ ಕಟ್ಟಬೇಕು. ಇಂಗ್ಲಿಷ್ ಕ್ಲಾಸಿನ ನಾಟಕದಲ್ಲಿ ಮಾತು ಪೂರ್ತಿ ಬರೆದಿದೆ. ಉಳಿದದ್ದು, ಅಂದರೆ ಯಾರು ಎಲ್ಲಿ ಕೂತಿದ್ದರು, ಯಾರ ಕೈಯಲ್ಲಿ ಏನಿತ್ತು, ಯಾರು ಯಾರ ಮುಖ ನೋಡಿದರು ಎಂಬುದನ್ನು ನಾವು ಕಟ್ಟಬೇಕು. ಎರಡೂ ಅರ್ಧರ್ಧ ಪುಸ್ತಕಗಳೇ. ಬಿಟ್ಟ ಅರ್ಧ ಮಾತ್ರ ಬೇರೆ ಬೇರೆ. ಖಾಲಿ ಬಿಟ್ಟ ಜಾಗವನ್ನು ತುಂಬಿ ಓದುವ ಅಭ್ಯಾಸ ಕರಾವಳಿಯ ಮಕ್ಕಳಿಗೆ ಮನೆಯಿಂದಲೇ ಬಂದಿದೆ. ಕ್ಲಾಸಿಗೆ ಬರುವಾಗ ಅದನ್ನು ಹೊರಗೆ ಚಪ್ಪಲಿ ಜೊತೆ ಬಿಟ್ಟು ಬರುತ್ತೇವೆ.

ಮ್ಯಾಕ್‌ಬೆತ್‌ಗೂ ಯಕ್ಷಗಾನಕ್ಕೂ ನಂಟು ನಾನು ಹೊಸೆದದ್ದಲ್ಲ. ನಮ್ಮ ಬಂಟ್ವಾಳ ತಾಲೂಕಿನ ಮಂಚಿಯವರು ರಂಗನಿರ್ದೇಶಕ ಬಿ.ವಿ. ಕಾರಂತರು. ಅವರು 1979ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಕಲಾವಿದರಿಂದ ಇದನ್ನು ಆಡಿಸಿದರು. ಹೆಸರು 'ಬರ್ನಮ್ ವನ'. ಹಿಂದಿ ಅನುವಾದ ರಘುವೀರ ಸಹಾಯರದ್ದು, ನಡೆ ಯಕ್ಷಗಾನದ್ದು. ನಾನು ಹುಟ್ಟುವ ಎಷ್ಟೋ ಮೊದಲಿನ ಸಂಗತಿ. ನೋಡಲು ಸಿಕ್ಕಿದ್ದರೆ ನಾನು ಹುಡುಕುತ್ತಿದ್ದದ್ದು ಲೆನಾಕ್ಸ್‌ನನ್ನೇ.

ಈಗ ಇನ್ನೊಂದು ನಾಟಕಕ್ಕೆ ಬರುತ್ತೇನೆ. ಇದು ನಮ್ಮ ಊರಿನದ್ದೇ ಅನ್ನಬಹುದಾದ ನಾಟಕ. ಜೆ.ಎಂ. ಸಿಂಜ್ ಬರೆದ ರೈಡರ್ಸ್ ಟು ದ ಸೀ. ಒಂದೇ ಅಂಕ, 1904ರಲ್ಲಿ ಡಬ್ಲಿನ್‌ನಲ್ಲಿ ಮೊದಲು ಆಡಿದ್ದು. ಐರ್ಲೆಂಡಿನ ಪಶ್ಚಿಮದ ಅರಾನ್ ದ್ವೀಪಗಳಲ್ಲಿ ಸಿಂಜ್ ಸ್ವತಃ ಹೋಗಿ ಉಳಿದು, ಅಲ್ಲಿಯ ಜನರ ಮಾತು ಕೇಳಿ ಬರೆದದ್ದು. ಮೋರಿಯಾ ಎಂಬ ಮುದುಕಿ. ಗಂಡ, ಗಂಡನ ಅಪ್ಪ, ಗಂಡುಮಕ್ಕಳು ಒಬ್ಬೊಬ್ಬರಾಗಿ ಸಮುದ್ರದ ಪಾಲಾಗಿದ್ದಾರೆ. ಮೈಕೆಲ್ ಎಂಬ ಮಗ ಕಾಣೆಯಾಗಿ ಒಂಬತ್ತು ದಿನ. ಉಳಿದವನು ಬಾರ್ಟ್ಲಿ ಒಬ್ಬ. ಅವನು ಈ ಗಾಳಿಯಲ್ಲೇ ದೋಣಿ ಹತ್ತಿ ಗಾಲ್ವೇಯ ಕುದುರೆ ಸಂತೆಗೆ ಹೊರಟಿದ್ದಾನೆ.

ನಮ್ಮ ಕ್ಲಾಸಿನಲ್ಲಿ ಮಲ್ಪೆ ಕಡೆಯ ಒಬ್ಬಳು ಗೆಳತಿ ಇದ್ದಾಳೆ. ಅವಳ ಅಪ್ಪ ಆಳಸಮುದ್ರದ ಬೋಟಿನಲ್ಲಿ ತಂಡೇಲ, ಅಂದರೆ ಬೋಟು ನಡೆಸುವವರು. ಮೋರಿಯಾ ಪಾತ್ರ ಅವಳಿಗೆ ಬರಲಿಲ್ಲ. ಅವಳಿಗೆ ಬಂದದ್ದು ಬಾರ್ಟ್ಲಿ. ಅವ್ವ ಕೇಳುತ್ತಾಳೆ: ಸಾವಿರ ಕುದುರೆ ಇದ್ದರೂ, ಇರುವ ಒಬ್ಬ ಮಗನ ಮುಂದೆ ಅದಕ್ಕೆಂಥ ಬೆಲೆ? ಬಾರ್ಟ್ಲಿಯ ಮುಂದಿನ ಮಾತು ಅವ್ವನಿಗೆ ಉತ್ತರ ಅಲ್ಲವೇ ಅಲ್ಲ. ಸೋದರಿಯ ಕಡೆ ತಿರುಗಿ, ಕುರಿ ಹೊಲಕ್ಕೆ ನುಗ್ಗದ ಹಾಗೆ ನೋಡಿಕೋ, ವ್ಯಾಪಾರಿ ಬಂದರೆ ಒಳ್ಳೆ ರೇಟು ಸಿಕ್ಕಿದರೆ ಕಪ್ಪು ಕಾಲಿನ ಹಂದಿ ಮಾರಿಬಿಡು ಅನ್ನುತ್ತಾನೆ. ಇದನ್ನು ಓದಿ ಅವಳು ಪುಸ್ತಕ ಕೆಳಗಿಟ್ಟಳು. "ನಮ್ಮಪ್ಪನೂ ಹೀಗೇ ಮೇಡಂ. ಹೊರಡುವಾಗ ಅಮ್ಮ ಏನಾದರೂ ಹೇಳಿದರೆ ಉತ್ತರವೇ ಇಲ್ಲ. ಗ್ಯಾಸ್ ಬಂದರೆ ತೆಗೆದುಕೊಳ್ಳಿ, ಕರೆಂಟ್ ಬಿಲ್ ಕಟ್ಟಿ ಅಂತ ನಮ್ಮ ಹತ್ತಿರ ಹೇಳಿ ಹೋಗುತ್ತಾರೆ."

ಮೇಡಂ ಕೇಳಿದರು, ಬಾರ್ಟ್ಲಿ ಯಾಕೆ ಹೋಗುತ್ತಾನೆ? ನೋಟ್ಸ್ ಓದಿದ್ದ ನಾವು ಕೆಲವರು, ವಿಧಿ ಅಂದೆವು. ಗೆಳತಿ ಮಾತ್ರ, "ಎಂತ ವಿಧಿ? ಸಂತೆ ಇದೆ ಅಂತ ಹೋಗುತ್ತಾನೆ" ಅಂದಳು. ಪುಸ್ತಕದಲ್ಲೂ ಹಾಗೇ ಇದೆ. ಇನ್ನು ಎರಡು ವಾರಕ್ಕೆ ಇದೊಂದೇ ದೋಣಿ, ಈ ಸಲ ಕುದುರೆಗೆ ಒಳ್ಳೆ ಸಂತೆ ಅಂತ ಕೆಳಗೆ ಮಾತಾಡುತ್ತಿದ್ದರು ಅನ್ನುತ್ತಾನೆ ಬಾರ್ಟ್ಲಿ. ಇಲ್ಲೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆಗಸ್ಟ್ ಬಂದಾಗ ಕಡಲು ಇನ್ನೂ ಪೂರ್ತಿ ತಣಿದಿರುವುದಿಲ್ಲ. ಆದರೆ ಎರಡು ತಿಂಗಳು ಸಂಪಾದನೆ ಇಲ್ಲದೆ ಕೂತ ಮನೆ, ಬೋಟಿನ ಸಾಲ, ಬಲೆಯ ರಿಪೇರಿ ಕಾಯುವುದಿಲ್ಲ. ದೂರದಲ್ಲಿ ಕೂತು ಓದುವವರಿಗೆ ವಿಧಿ ಎಂಬ ಶಬ್ದ ಅನುಕೂಲ. ಅದನ್ನು ಬರೆದರೆ ರೇಟು, ಸಾಲ, ಸಂತೆ ಯಾವುದನ್ನೂ ಬರೆಯಬೇಕಾಗಿಲ್ಲ.

ಆ ನಾಟಕದಲ್ಲಿ ಮಾತಿಗಿಂತ ಸಾಮಾನು ಜಾಸ್ತಿ ಹೇಳುತ್ತದೆ. ಗೋಡೆಗೆ ಒರಗಿಸಿಟ್ಟ ಹೊಸ ಬಿಳಿ ಹಲಗೆ, ಮೈಕೆಲ್‌ನ ಹೆಣ ಸಿಕ್ಕಿದರೆ ಪೆಟ್ಟಿಗೆಗೆ ಅಂತ ತಂದದ್ದು. ಪಕ್ಕದಲ್ಲಿ ಹೊಸ ಹಗ್ಗ, ಆ ಪೆಟ್ಟಿಗೆ ಇಳಿಸಲಿಕ್ಕೆ. ಬಾರ್ಟ್ಲಿ ಆ ಹಗ್ಗವನ್ನೇ ಕುದುರೆಗೆ ಲಗಾಮು ಮಾಡಿಕೊಳ್ಳುತ್ತಾನೆ. ಒಲೆಯಲ್ಲಿ ಅವನಿಗೆಂದು ಬೇಯುತ್ತಿದ್ದ ರೊಟ್ಟಿ, ಕೊಡಲು ಮರೆತೇಹೋಗುತ್ತದೆ. ಅಟ್ಟದಲ್ಲಿ ಬಚ್ಚಿಟ್ಟ ಬಟ್ಟೆಯ ಗಂಟು. ದೂರದ ಡೊನೆಗಲ್‌ನಲ್ಲಿ ಸಿಕ್ಕಿದ ಹೆಣದ ಮೈಮೇಲಿದ್ದದ್ದು. ಅದು ಮೈಕೆಲ್‌ನದ್ದೇ ಅಂತ ಅಕ್ಕತಂಗಿಯರಿಗೆ ಗೊತ್ತಾಗುವುದು ಕಾಲುಚೀಲದ ಹೆಣಿಗೆಯಿಂದ. ತಾನು ಹೆಣೆಯುವಾಗ ನಾಲ್ಕು ಕಣ್ಣಿ ಬಿಟ್ಟಿದ್ದು ಕಿರಿಯವಳಿಗೆ ನೆನಪಿದೆ. ಅವನ ಗುರುತು ಉಳಿದದ್ದು ಆ ಬಿಟ್ಟ ಕಣ್ಣಿಗಳಲ್ಲಿ.

ಇಲ್ಲಿ ನಮ್ಮ ಕ್ಲಾಸು ಸ್ವಲ್ಪ ಹೊತ್ತು ಮುಂದೆ ಹೋಗಲಿಲ್ಲ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ಏಳು ಮಂದಿಯ ಜೊತೆ ಕಾಣೆಯಾದದ್ದು ನಿಮಗೆಲ್ಲ ನೆನಪಿದೆ. ನೌಕಾಪಡೆಗೆ ಅದರ ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಕರಾವಳಿಯಾಚೆ. ನಡುವಿನ ತಿಂಗಳುಗಳಲ್ಲಿ ಆ ಮನೆಗಳಲ್ಲಿ ಏನು ಮಾತಾಡಿಕೊಂಡರು, ಯಾವುದನ್ನು ಮಾತಾಡಲಿಲ್ಲ, ನಮಗೆ ಊಹಿಸುವ ಹಕ್ಕಿಲ್ಲ. ಸಿಂಜ್ ನಾಟಕದ ಹುಡುಗಿಯರು ಆ ಗಂಟನ್ನು ಅವ್ವನಿಗೆ ಕಾಣದ ಹಾಗೆ ಯಾಕೆ ಬಚ್ಚಿಡುತ್ತಾರೆ ಅಂತ ಮಾತ್ರ ಯಾರೂ ಮೇಡಂ ಹತ್ತಿರ ಕೇಳಲಿಲ್ಲ.

ಕೊನೆಗೆ ಬಾರ್ಟ್ಲಿಯ ಹೆಣ ಬರುತ್ತದೆ. ಮೈಕೆಲ್‌ಗೆಂದು ತಂದ ಹಲಗೆ ಈಗ ಇವನಿಗೆ. ಪೆಟ್ಟಿಗೆ ಮಾಡಬೇಕಾದವನು ಮೊಳೆ ಎಲ್ಲಿ ಅಂತ ಕೇಳುತ್ತಾನೆ. ಮೊಳೆ ತಂದಿಲ್ಲ. ಇಷ್ಟು ಪೆಟ್ಟಿಗೆ ಕಂಡವಳು ಮೊಳೆ ಹೇಗೆ ಮರೆತಳು ಅಂತ ಇನ್ನೊಬ್ಬನಿಗೆ ಆಶ್ಚರ್ಯ. ಮುಪ್ಪು, ಮರೆವು ಅಂದರು ಕೆಲವರು. ಹಲಗೆ ತಂದವಳಿಗೆ ಮೊಳೆ ತರಲು ಮನಸ್ಸು ಬರಲಿಲ್ಲ ಅಂದಳು ಗೆಳತಿ. ಎರಡೂ ಇರಬಹುದು. ಮೋರಿಯಾ ಅಲ್ಲೇ ಇದ್ದಾಳೆ, ಮೊಳೆಯ ಬಗ್ಗೆ ಒಂದು ಮಾತೂ ಆಡುವುದಿಲ್ಲ.

ಹೆಣಿಗೆಯ ಮಾತು ಬಂದದ್ದರಿಂದ ಟ್ರೈಫಲ್ಸ್ ಬಗ್ಗೆ ಹೇಳಲೇಬೇಕು. ಅಮೆರಿಕದ ಸೂಸನ್ ಗ್ಲಾಸ್ಪೆಲ್ ಬರೆದ ಏಕಾಂಕ, 1916ರದ್ದು. ಆಕೆ ಮೊದಲು ಪತ್ರಕರ್ತೆ. ಅಯೋವಾದಲ್ಲಿ 1900ರಲ್ಲಿ ಒಬ್ಬ ರೈತ ಮಲಗಿದ್ದಲ್ಲೇ ಕೊಲೆಯಾಗಿ ಹೆಂಡತಿಯ ಮೇಲೆ ಆರೋಪ ಬಂದಾಗ ಆ ಕೇಸನ್ನು ಪತ್ರಿಕೆಗೆ ವರದಿ ಮಾಡಿದವರು. ನಾಟಕದಲ್ಲಿ ಕೊಲೆಯಾದ ಗಂಡನೂ ಬರುವುದಿಲ್ಲ, ಜೈಲಿನಲ್ಲಿರುವ ಹೆಂಡತಿಯೂ ಬರುವುದಿಲ್ಲ. ಬರುವುದು ಅವರ ಅಡುಗೆಮನೆ. ಸರ್ಕಾರಿ ವಕೀಲ, ಪೊಲೀಸ್ ಅಧಿಕಾರಿಯಾದ ಶೆರಿಫ್, ಪಕ್ಕದ ಹೊಲದವನು ಸಾಕ್ಷಿ ಹುಡುಕಲು ಉಪ್ಪರಿಗೆಗೆ ಹೋಗುತ್ತಾರೆ, ಕೊಟ್ಟಿಗೆಗೆ ಹೋಗುತ್ತಾರೆ. ಇಲ್ಲಿ ಎಂತದು, ಅಡುಗೆ ಸಾಮಾನು ಅಷ್ಟೇ ಅಂತ ನಗುತ್ತಾರೆ. ಜೊತೆಗೆ ಬಂದ ಇಬ್ಬರು ಹೆಂಗಸರು ಅಡುಗೆಮನೆಯಲ್ಲೇ ಉಳಿಯುತ್ತಾರೆ.

ಈ ಕತೆಯನ್ನು ನಾನು ಅಮ್ಮನಿಗೆ ಹೇಳಿದೆ. ಅಮ್ಮ ಬಸಳೆ ಕೊಯ್ಯುತ್ತಿದ್ದರು. ಚಳಿಗೆ ಹಣ್ಣಿನ ಭರಣಿಗಳೆಲ್ಲ ಒಡೆದಿವೆ ಅಂದಾಗ, "ಅಯ್ಯೋ, ಒಂದೂ ಉಳಿಯಲಿಲ್ವಾ?" ಅಂದರು. ನಾಟಕದ ಹೆಂಗಸರು ಹುಡುಕುವುದೂ ಅದನ್ನೇ. ಒಂದು ಉಳಿದಿರುತ್ತದೆ. ಕೌದಿಯ ಹೊಲಿಗೆ ಎಲ್ಲ ಕಡೆ ಚಂದ ಇದೆ, ಒಂದು ತುಂಡಿನಲ್ಲಿ ಮಾತ್ರ ಅಡ್ಡಾದಿಡ್ಡಿ ಅಂದೆ. ಅಮ್ಮ ಕತ್ತಿಯಿಂದ ಕೈ ತೆಗೆದು, "ಅದೇ ಹೊತ್ತಿಗೆ ಏನೋ ಆಗಿದೆ ಹಾಗಾದರೆ" ಅಂದರು. ಆ ಮೂರು ಜನ ಗಂಡಸರಿಗೆ ಕೊನೆಯವರೆಗೂ ಹೊಳೆಯದ್ದು ಹೈಸ್ಕೂಲಿನವರೆಗೆ ಓದಿದ ನನ್ನ ಅಮ್ಮನಿಗೆ ಅರ್ಧ ಕತೆಯಲ್ಲಿ ಹೊಳೆಯಿತು.

ಆಮೇಲಿನದ್ದೇ ಮುಖ್ಯ. ಆ ಇಬ್ಬರಲ್ಲಿ ಒಬ್ಬಳು ಕೆಟ್ಟ ಹೊಲಿಗೆಯನ್ನು ಬಿಚ್ಚಿ ಸರಿಯಾಗಿ ಹೊಲಿಯತೊಡಗುತ್ತಾಳೆ. ಸಾಕ್ಷಿ ಅಳಿಸುವುದು ಅಂದರೆ ಅದು. ಸುಮ್ನೆ ಕೈ ಆಡಿಸುತ್ತಿರುವ ಹಾಗೆ ಮಾಡುತ್ತಾಳೆ. ಮುಂದೆ ಒಂದು ಪೆಟ್ಟಿಗೆಯಲ್ಲಿ ಕತ್ತು ಮುರಿದ ಕ್ಯಾನರಿ ಹಕ್ಕಿ ಸಿಗುತ್ತದೆ. ಯಾರು ಮುರಿದರು, ಆಮೇಲೆ ಗಂಡನಿಗೆ ಯಾಕೆ ಹಾಗಾಯಿತು ಅಂತ ಇಬ್ಬರಿಗೂ ಗೊತ್ತಾಗುತ್ತದೆ. ಗಂಡಸರು ವಾಪಸ್ ಬರುವ ಸದ್ದು. ಶೆರಿಫ್‌ನ ಹೆಂಡತಿ ಪೆಟ್ಟಿಗೆಯನ್ನು ತನ್ನ ಚೀಲಕ್ಕೆ ತುರುಕಲು ನೋಡುತ್ತಾಳೆ, ಹಿಡಿಸುವುದಿಲ್ಲ, ಹಕ್ಕಿಯನ್ನು ಹೊರತೆಗೆಯಲು ಹೋದರೆ ಮುಟ್ಟಲಾಗುವುದಿಲ್ಲ. ಇನ್ನೊಬ್ಬಳು ಕಿತ್ತುಕೊಂಡು ತನ್ನ ದೊಡ್ಡ ಕೋಟಿನ ಜೇಬಿಗೆ ಹಾಕಿಕೊಳ್ಳುತ್ತಾಳೆ. ಅಷ್ಟು ಹೊತ್ತು ಒಂದೂ ಮಾತಿಲ್ಲ. ನಾಟಕದ ಅತಿ ದೊಡ್ಡ ತೀರ್ಮಾನ ಸಂಭಾಷಣೆಯಲ್ಲಿ ಇಲ್ಲ, ಓರೆ ಅಕ್ಷರದ ರಂಗಸೂಚನೆಯಲ್ಲಿದೆ. ಓರೆ ಅಕ್ಷರ ಹಾರಿಸಿ ಓದುವ ಚಟ ಇರುವವರಿಗೆ ಏನಾಯಿತು ಅಂತಲೇ ತಿಳಿಯುವುದಿಲ್ಲ. ನಮ್ಮಲ್ಲಿ ಕೆಲವರಿಗೆ ನಿಜವಾಗಿಯೂ ತಿಳಿಯಲಿಲ್ಲ.

ರಂಗಸೂಚನೆಯ ವಿಷಯದಲ್ಲಿ ಒಬ್ಬೊಬ್ಬ ನಾಟಕಕಾರರದ್ದು ಒಂದೊಂದು ಗುಣ. ಷೇಕ್ಸ್‌ಪಿಯರ್ ಜಿಪುಣ. ದ ವಿಂಟರ್ಸ್ ಟೇಲ್‌ನಲ್ಲಿ ಒಬ್ಬ ಮುದುಕನನ್ನು ಕರಡಿ ಅಟ್ಟಿಸಿಕೊಂಡು ಹೋಗುತ್ತದೆ ಅಂತ ಒಂದು ಸಾಲು ಬರೆದು ಕೈ ತೊಳೆದುಕೊಂಡಿದ್ದಾರೆ. ಕರಡಿ ಎಲ್ಲಿಂದ ತರುವುದು ಅಂತ ಆಡುವವರು ನೋಡಿಕೊಳ್ಳಬೇಕು. ಬರ್ನಾರ್ಡ್ ಷಾ ಅವರಿಗೆ ಯಾರ ಮೇಲೂ ನಂಬಿಕೆ ಇಲ್ಲ, ಪುಟಗಟ್ಟಲೆ ಬರೆಯುತ್ತಾರೆ. ಪಿಗ್ಮೇಲಿಯನ್ ಮುಗಿದ ಮೇಲೂ ಬಿಡದೆ, ನಾಯಕಿ ಎಲೈಜಾ ಮದುವೆಯಾಗುವುದು ಫ್ರೆಡ್ಡಿಯನ್ನೇ ಅಂತ ಬೇರೆ ಲೇಖನ ಹಚ್ಚಿದ್ದಾರೆ. ನನಗದು ಸ್ವಲ್ಪ ಹಟಮಾರಿತನ ಅನ್ನಿಸಿತು. ಬೆಕೆಟ್‌ರ ವೇಟಿಂಗ್ ಫಾರ್ ಗೋಡೋದಲ್ಲಿ ಎರಡೂ ಅಂಕದ ಕೊನೆಯಲ್ಲಿ ಕಾಯುತ್ತಿರುವ ಇಬ್ಬರು ಹೋಗೋಣ ಅನ್ನುತ್ತಾರೆ, ಕೆಳಗೆ ಸೂಚನೆ: ಅವರು ಅಲುಗುವುದಿಲ್ಲ. ಪಿಂಟರ್ ಮಾತಿನ ನಡುವೆ ಎಲ್ಲಿ ತಡೆಯಬೇಕು, ಎಲ್ಲಿ ಪೂರ್ತಿ ಮೌನ ಅಂತ ಬೇರೆ ಬೇರೆ ಗುರುತು ಹಾಕಿದವರು. ಅವರಿಬ್ಬರನ್ನೂ ಸೆಮಿಸ್ಟರ್ ಮುಗಿಯುವ ಗಡಿಬಿಡಿಯಲ್ಲಿ ಓಡಿಸಿದೆವು. ಹೆಚ್ಚು ಹೇಳುವುದಿಲ್ಲ.

ಇಬ್ಸೆನ್‌ರ ಎ ಡಾಲ್ಸ್ ಹೌಸ್ ಬಗ್ಗೆ ಒಂದು ಮಾತು. 1879ರ ನಾಟಕ. ನೋರಾ ಗಂಡನನ್ನೂ ಮಕ್ಕಳನ್ನೂ ಬಿಟ್ಟು ಹೊರಟು ಹೋಗುತ್ತಾಳೆ, ಕೆಳಗೆ ಬಾಗಿಲು ಮುಚ್ಚಿಕೊಂಡ ಸದ್ದು ಕೇಳಿಸುತ್ತದೆ. ಆ ಬಾಗಿಲ ಸದ್ದಿನ ಬಗ್ಗೆ ಎಷ್ಟು ಬರೆದಿದ್ದಾರೋ ಲೆಕ್ಕವಿಲ್ಲ. ಜರ್ಮನಿಯಲ್ಲಿ ಒಬ್ಬ ನಟಿ, ಮಕ್ಕಳನ್ನು ಬಿಟ್ಟು ಹೋಗುವ ತಾಯಿಯಾಗಿ ನಾನು ನಟಿಸಲಾರೆ ಎಂದದ್ದಕ್ಕೆ ಇಬ್ಸೆನ್ ಮನಸ್ಸಿಲ್ಲದ ಮನಸ್ಸಿನಿಂದ ನೋರಾ ಉಳಿಯುವ ಇನ್ನೊಂದು ಕೊನೆ ಬರೆದುಕೊಟ್ಟರು. ನಮ್ಮ ಕ್ಲಾಸಿನಲ್ಲೂ ಇದೇ ವಾದ, ಹೋದದ್ದು ಸರಿಯಾ ತಪ್ಪಾ ಅಂತ. ನನ್ನ ತಲೆಯಲ್ಲಿ ಇದ್ದವಳು ಆನ್-ಮರಿ. ಮನೆಯ ದಾದಿ. ನೋರಾಳನ್ನು ಸಾಕಿದವಳೂ ಅವಳೇ. ಎರಡನೇ ಅಂಕದಲ್ಲಿ ನೋರಾ ಅವಳನ್ನು ಕೇಳುತ್ತಾಳೆ, ನಿನ್ನ ಸ್ವಂತ ಮಗುವನ್ನು ಬೇರೆಯವರ ಕೈಗೆ ಕೊಡಲು ಮನಸ್ಸು ಹೇಗೆ ಬಂತು? ಬಡವಳಿಗೆ ಈ ಕೆಲಸ ಸಿಕ್ಕಿದ್ದೇ ದೊಡ್ಡದು ಎಂಬ ಅರ್ಥದ ಉತ್ತರ ಕೊಡುತ್ತಾಳೆ. ಅಷ್ಟೇ, ಮತ್ತೆ ಅವಳ ಸುದ್ದಿಯೇ ಇಲ್ಲ. ನೋರಾ ಹೊರಟ ಆ ರಾತ್ರಿ ಒಳಗೆ ಮೂರು ಮಕ್ಕಳು ಮಲಗಿದ್ದಾರೆ. ಬೆಳಿಗ್ಗೆ ಎದ್ದರೆ ಅವರನ್ನು ನೋಡಿಕೊಳ್ಳುವವಳು ಯಾರು? ಮಗುವನ್ನು ಬಿಟ್ಟು ಬಂದವಳೇ. ಅವಳು ಬಾಗಿಲು ಹಾಕಿಕೊಂಡು ಹೋದರೆ ಯಾರಿಗೂ ಕೇಳಿಸಲಿಕ್ಕಿಲ್ಲ. ನೋರಾ ಹೋಗಬಾರದಿತ್ತು ಅಂತ ನಾನು ಹೇಳುತ್ತಿಲ್ಲ. ಹೋಗುವ ಅನುಕೂಲ ಯಾರ ಹೆಗಲ ಮೇಲೆ ನಿಂತಿತ್ತು ಅಂತ ನೋಡಿ ಅನ್ನುತ್ತಿದ್ದೇನೆ.

ಮಾತು ಮುಗಿದ ಮೇಲೆ ಸಭೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತೇನೆ.

ಒಬ್ಬರು ಕೇಳಿದರು: ಇಷ್ಟೆಲ್ಲ ಕಷ್ಟ ಯಾಕೆ, ಯೂಟ್ಯೂಬ್‌ನಲ್ಲಿ ನಾಟಕವನ್ನೇ ನೋಡಬಹುದಲ್ಲ? ಖಂಡಿತ ನೋಡಬೇಕು. ಆದರೆ ಅಲ್ಲಿ ಲೆನಾಕ್ಸ್ ಎಲ್ಲಿ ಕೂರಬೇಕು ಅಂತ ನಿರ್ದೇಶಕರು ತೀರ್ಮಾನ ಮಾಡಿ ಆಗಿರುತ್ತದೆ. ಕುರ್ಚಿಯಲ್ಲಿ ರಕ್ತ ಮೆತ್ತಿದ ನಟನನ್ನು ಕೂರಿಸುತ್ತಾರೆ, ಇಲ್ಲ ಖಾಲಿ ಬಿಡುತ್ತಾರೆ. ಕ್ಯಾಮೆರಾ ಬೇರೆ ಮ್ಯಾಕ್‌ಬೆತ್‌ನ ಮುಖಕ್ಕೇ ಅಂಟಿಕೊಂಡಿರುತ್ತದೆ. ಓದುವಾಗ ಎರಡು ಥರವನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬಹುದು. ನಾಲ್ಕೈದು ಜನ ಸೇರಿ ಪಾತ್ರ ಹಂಚಿಕೊಂಡರೆ ಇನ್ನೂ ಒಳ್ಳೆಯದು. ರೈಡರ್ಸ್ ಟು ದ ಸೀ, ಟ್ರೈಫಲ್ಸ್ ಎರಡೂ ಒಂದೊಂದು ಅಂಕದವು, ಒಂದು ಸಂಜೆಗೆ ಧಾರಾಳ ಸಾಕು. ಎರಡಕ್ಕೂ ಹಕ್ಕುಸ್ವಾಮ್ಯ ಮುಗಿದಿದೆ, ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಟ್ರೈಫಲ್ಸ್‌ಗೆ ಐದು ಜನ ಇದ್ದರೆ ಆಯಿತು.

ಇನ್ನೊಬ್ಬರು, ನಿವೃತ್ತ ಮೇಷ್ಟ್ರು ಇರಬೇಕು, ಕೈ ಎತ್ತಿ ಕೇಳಿದರು: "ಅದೆಲ್ಲ ಸರಿ ಮಗಾ, ಪರೀಕ್ಷೆಯಲ್ಲಿ ರೈಡರ್ಸ್ ಟು ದ ಸೀ ಬಂದಾಗ ಏನು ಬರೆದೆ?"

ವಿಧಿ ಅಂತಲೇ ಬರೆದೆ ಸರ್. ಹತ್ತು ಅಂಕದ ಪ್ರಶ್ನೆ. ಆದರೆ ಕೊನೆಯ ಪ್ಯಾರಾದಲ್ಲಿ ಗಾಲ್ವೇ ಸಂತೆ, ಕುದುರೆ ರೇಟು, ಕಪ್ಪು ಕಾಲಿನ ಹಂದಿ ಎಲ್ಲ ಸೇರಿಸಿದ್ದೇನೆ. ರಿಸಲ್ಟ್ ಇನ್ನೂ ಬಂದಿಲ್ಲ.